ಪರಗ್ರಹದವ, ಪರದೇಸಿ, ಪಾವ್ಣ್ಯಾ: ಒಂದು ಸಿನಿಮಾ ಕಾದಂಬರಿಯನ್ನು ಗಡಿಗನ್ನಡದಲ್ಲಿ ಓದುವುದು

1

ಉಪಭಾಷೆಗಳ ವಿಚಾರ ಸಂಕಿರಣದಲ್ಲಿ ಅಮೆರಿಕದ ಒಂದು ಸಿನಿಮಾ ಪುಸ್ತಕದ ಚರ್ಚೆ ಯಾಕೆ ಎಂದು ಹಿರಿಯರು ಕೇಳಬಹುದು. ಕೇಳುವುದು ಸಹಜ. ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಕನ್ನಡವೆಂದರೆ ಹಂತಿಪದ, ಬೀಸುವ ಪದ, ಒಗಟು, ಗಾದೆ ಇವುಗಳನ್ನು ಸಂಗ್ರಹಿಸಿ ಒಪ್ಪಿಸುವುದು ನಮ್ಮ ರೂಢಿ. ಆ ಕೆಲಸ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಒಂದು ಮಾತು ಹಳೆಯದನ್ನು ಎಷ್ಟು ಕಾಪಾಡಿದೆ ಎಂಬುದರಷ್ಟೇ, ತನಗೆ ಗೊತ್ತಿಲ್ಲದ ಹೊಸದನ್ನು ಎಷ್ಟು ಹೇಳಬಲ್ಲದು ಎಂಬುದೂ ಅದರ ಜೀವದ ಗುರುತು. ಹಾಗಾಗಿ ನಾನು ನಮ್ಮ ಮನೆಮಾತಿಗೆ ಒಂದು ಕಠಿಣ ಪರೀಕ್ಷೆ ಇಟ್ಟು ನೋಡಿದೆ. ಆಕಾಶದಿಂದ ಬಂದವನ ಕಥೆ ಇದರೊಳಗ ಹೇಳಲಿಕ್ಕೆ ಬರ್ತದೇನು? ಈ ಪ್ರಬಂಧ ಆ ಪರೀಕ್ಷೆಯ ವರದಿ. ಜೊತೆಗೆ ಒಂದು ಕಾದಂಬರಿಯ ವಿಮರ್ಶೆ.

ಆರಿಸಿಕೊಂಡ ಕೃತಿ ವಿಲಿಯಂ ಕಾಟ್ಸ್‌ವಿಂಕಲ್ ಬರೆದ ‘ಇ.ಟಿ.’. 1982ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ಅದೇ ಹೆಸರಿನ ಚಿತ್ರಕ್ಕೆ ಮೆಲಿಸಾ ಮ್ಯಾಥಿಸನ್ ಬರೆದ ಚಿತ್ರಕಥೆಯನ್ನು ಆಧರಿಸಿ ಅದೇ ವರ್ಷ ಹೊರಬಂದ ಪುಸ್ತಕವಿದು. ಅದೇ 1982ರಲ್ಲಿಯೇ ಉಸ್ಮಾನಾಬಾದ್ ಜಿಲ್ಲೆಯನ್ನು ಒಡೆದು ಲಾತೂರ ಜಿಲ್ಲೆ ಮಾಡಿದರು. ನಿಲಂಗಾ, ಉದಗೀರ ಲಾತೂರಿಗೆ ಹೋದವು, ಉಮರ್ಗಾ ಹಿಂದೆ ಉಳಿಯಿತು. ಎರಡಕ್ಕೂ ಸಂಬಂಧವಿಲ್ಲ. ಆದರೆ ಕೂತಲ್ಲೇ ಕೂತು ಊರಿನ ವಿಳಾಸ ಬದಲಾಗುವ ಅನುಭವ ನಮಗೆ ಹೊಸದಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ನಿಜಾಮರ ರಾಜ್ಯದಲ್ಲಿ ನಿಲಂಗಾ, ಉದಗೀರ ಬೀದರ ಜಿಲ್ಲೆಯ ತಾಲ್ಲೂಕುಗಳು. 1956ರಲ್ಲಿ ಮುಂಬಯಿ ರಾಜ್ಯ, 1960ರಲ್ಲಿ ಮಹಾರಾಷ್ಟ್ರ. 2023ರಿಂದ ಉಸ್ಮಾನಾಬಾದಿಗೆ ಧಾರಾಶಿವ ಎಂಬ ಹೆಸರು. ಮುತ್ಯಾ ಹುಟ್ಟಿದ ಜಿಲ್ಲೆ ಒಂದು, ಅಪ್ಪ ಓದಿದ ಜಿಲ್ಲೆ ಇನ್ನೊಂದು. ಮನಿ ಮಾತ್ರ ಇದ್ದಲ್ಲೇ ಇತ್ತು.

2

ಸಿನಿಮಾವನ್ನು ಕಾದಂಬರಿ ಮಾಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಕಾದಂಬರಿ ಸಿನಿಮಾ ಆಗುವುದು ಕನ್ನಡದಲ್ಲಿ ದೊಡ್ಡ ಪರಂಪರೆ. ಉಲ್ಟಾ ದಾರಿಯಲ್ಲಿ ನಮಗೆ ಸಿಕ್ಕಿದ್ದು ಟಾಕೀಜಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಅದರ ಮೊದಲ ಪುಟದಲ್ಲಿ ಕಥಾಸಾರಾಂಶ ಇರುತ್ತಿತ್ತು; ಕಥೆ ಬಿಗಿಯಾಗುವ ಹೊತ್ತಿಗೆ ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ನಿಲ್ಲಿಸುತ್ತಿದ್ದರು. ಪಶ್ಚಿಮದಲ್ಲಿ ಇದು ದೊಡ್ಡ ವ್ಯಾಪಾರ. 1966ರ ‘ಫೆಂಟಾಸ್ಟಿಕ್ ವಾಯೇಜ್’ ಚಿತ್ರದ ಕಾದಂಬರಿಯನ್ನು ಐಸಾಕ್ ಅಸಿಮೋವ್ ಬರೆದರು. ಚಿತ್ರದ ಕೊನೆಯಲ್ಲಿ ರೋಗಿಯ ದೇಹದೊಳಗೇ ಬಿಟ್ಟುಬಂದ ಜಲಾಂತರ್ಗಾಮಿ ಮತ್ತೆ ದೊಡ್ಡದಾದರೆ ಗತಿ ಏನು ಎಂಬ ಪ್ರಶ್ನೆ ಅವರಿಗೆ ಬಿಡಲಿಲ್ಲ. ಪುಸ್ತಕದಲ್ಲಿ ಅದನ್ನು ಹೊರಗೆ ತಂದರು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಕಾದಂಬರಿ ಚಿತ್ರಕ್ಕಿಂತ ಮೊದಲೇ, 1976ರಲ್ಲಿ, ನಿರ್ದೇಶಕ ಜಾರ್ಜ್ ಲ್ಯೂಕಾಸರ ಹೆಸರಿನಲ್ಲಿ ಬಂತು. ಬರೆದವರು ಅಲನ್ ಡೀನ್ ಫಾಸ್ಟರ್. ಇಂಥ ಪುಸ್ತಕಗಳನ್ನು ವಿಮರ್ಶಕರು ಹೆಚ್ಚಾಗಿ ಕೂಲಿ ಬರಹವೆಂದು ಬದಿಗಿಡುತ್ತಾರೆ.

ನಮ್ಮ ಕಡೆ ಇದೇ ಕೆಲಸವನ್ನು ಬಾಯಿಂದ ಮಾಡುತ್ತಿದ್ದರು. ಒಬ್ಬ ಉಮರ್ಗಾಕ್ಕೋ ಸೊಲ್ಲಾಪುರಕ್ಕೋ ಹೋಗಿ ಪಿಚ್ಚರ್ ನೋಡಿ ಬಂದರೆ ರಾತ್ರಿ ಕಟ್ಟಿಗೆ ಹತ್ತು ಮಂದಿ ಕೂಡುತ್ತಿದ್ದರು. ಸಿನಿಮಾ ಹಿಂದಿ ಅಥವಾ ಮರಾಠಿ, ಕಥೆ ಹೇಳುವುದು ಕನ್ನಡ. ಕ್ಯಾಮೆರಾ ತೋರಿಸಿದ್ದನ್ನು ಮಾತು ಹೇಳಬೇಕಾದಾಗ ಹೇಳುವವನಿಗೆ ಒಂದು ತೊಡಕು ಬರುತ್ತದೆ. ತೆರೆಯ ಮೇಲೆ ಮುಖ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ಕಥೆ ಹೇಳುವವ ಮನಸ್ಸನ್ನೂ ಹೇಳಲೇಬೇಕು. ಆ ಮನಸ್ಸು ಯಾವ ಭಾಷೆಯಲ್ಲಿ ಯೋಚಿಸುತ್ತದೆ? ಸಿನಿಮಾ ಕಾದಂಬರಿಯ ಮುಖ್ಯ ಸಮಸ್ಯೆ ಇದೇ ಎಂದು ನನ್ನ ಅಭಿಪ್ರಾಯ.

3

ಕಥೆ ಬಹುಮಂದಿಗೆ ಗೊತ್ತು. ಗಿಡ ಸಂಗ್ರಹಿಸಲು ಭೂಮಿಗೆ ಬಂದ ಪರಗ್ರಹದ ಜೀವಿಯೊಂದು ತನ್ನವರಿಂದ ತಪ್ಪಿಸಿಕೊಂಡು ಉಳಿಯುತ್ತದೆ. ತಂದೆ ಬಿಟ್ಟುಹೋದ ಮನೆಯ ಎಲಿಯಟ್ ಎಂಬ ಹುಡುಗ ಅದನ್ನು ತನ್ನ ಕೋಣೆಯ ಕಪಾಟಿನಲ್ಲಿ ಅಡಗಿಸಿಡುತ್ತಾನೆ. ಅಣ್ಣ ಮೈಕೆಲ್, ತಂಗಿ ಗರ್ಟಿ ಗುಟ್ಟಿನಲ್ಲಿ ಸೇರುತ್ತಾರೆ. ಜೀವಿ ಮನೆಗೆ ಸಂದೇಶ ಕಳಿಸಬೇಕೆಂದು ಹಂಬಲಿಸುತ್ತದೆ. ಸರಕಾರದ ವಿಜ್ಞಾನಿಗಳು ಬರುತ್ತಾರೆ. ಅದು ಸತ್ತಂತಾಗಿ ಮತ್ತೆ ಬದುಕಿ ತನ್ನವರ ನೌಕೆ ಹತ್ತುತ್ತದೆ.

ಚಿತ್ರದಲ್ಲಿ ಸ್ಪೀಲ್‌ಬರ್ಗ್ ಕ್ಯಾಮೆರಾವನ್ನು ಮಗುವಿನ ಎತ್ತರಕ್ಕೆ ಇಳಿಸಿದ್ದಾರೆ. ಬಹಳ ಹೊತ್ತಿನ ತನಕ ತಾಯಿಯೊಬ್ಬಳನ್ನು ಬಿಟ್ಟು ದೊಡ್ಡವರ ಮುಖ ಸರಿಯಾಗಿ ಕಾಣುವುದಿಲ್ಲ; ಸೊಂಟ, ಕಾಲು, ಸೊಂಟಕ್ಕೆ ತೂಗುವ ಬೀಗದ ಕೈಗಳು. ಕಾಟ್ಸ್‌ವಿಂಕಲ್ ಈ ಎತ್ತರವನ್ನು ಒಪ್ಪಿಕೊಳ್ಳುವುದಿಲ್ಲ. ಪ್ರಯೋಗಾಲಯದ ಇಲಿಯ ಬಾಯಲ್ಲಿ ಕಾದಂಬರಿ ಹೇಳಿಸಿದ (‘ಡಾಕ್ಟರ್ ರ‍್ಯಾಟ್’, 1976) ಲೇಖಕ ಅವರು. ಇಲ್ಲಿಯೂ ಎಲ್ಲರ ತಲೆಯೊಳಗೆ ಹೊಕ್ಕು ನೋಡುತ್ತಾರೆ: ತಾಯಿ ಮೇರಿಯ ಒಂಟಿತನ, ಹಸಿದ ನಾಯಿ ಹಾರ್ವಿಯ ಆಲೋಚನೆ, ಕುಂಡದ ಗಿಡದೊಡನೆ ಜೀವಿಯ ಮೌನ ಸಂಭಾಷಣೆ. ಎಲ್ಲಕ್ಕಿಂತ ಮುಖ್ಯವಾಗಿ ಇ.ಟಿ.ಯ ಮನಸ್ಸು. ಚಿತ್ರದಲ್ಲಿ ಮಗುವಿನಂತೆ ಕಾಣುವ ಆ ಜೀವಿ ಪುಸ್ತಕದಲ್ಲಿ ಬಹು ಪ್ರಾಚೀನನಾದ ಸಸ್ಯವಿಜ್ಞಾನಿ. ಮೇರಿಯ ಮೇಲೆ ಮನಸ್ಸಿಟ್ಟು ಪೇಚಾಡುವ ವಯಸ್ಕ.

ಈ ಸೇರ್ಪಡೆಗಳಲ್ಲಿ ಕೆಲವು ನನಗೆ ಒಗ್ಗಲಿಲ್ಲ. ಮೇರಿಯ ಮೇಲಿನ ಮೋಹ ನಗೆ ಹುಟ್ಟಿಸುತ್ತದೆಯೇ ಹೊರತು ಕಥೆಯನ್ನು ಮುಂದೆ ಒಯ್ಯುವುದಿಲ್ಲ. ನಾಯಿಯ ಹಸಿವು ಮೊದಲ ಸಲ ಚೆಂದ, ಮತ್ತೆ ಮತ್ತೆ ಬಂದಾಗ ದಣಿವು. ಆದರೆ ಒಂದು ವಿಷಯದಲ್ಲಿ ಈ ಪುಸ್ತಕ ಚಿತ್ರಕ್ಕಿಂತ ಆಳಕ್ಕೆ ಹೋಗಿದೆ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಪುಸ್ತಕದ ಇ.ಟಿ. ಒಳಗೆ ನಿರರ್ಗಳ, ಹೊರಗೆ ತೊದಲ. ಅವನ ಆಲೋಚನೆ ಉದ್ದುದ್ದ ವಾಕ್ಯಗಳಲ್ಲಿ, ವಿದ್ವತ್ತಿನ ಪದಗಳಲ್ಲಿ, ಹಾಸ್ಯದಲ್ಲಿ ಹರಿಯುತ್ತದೆ. ಬಾಯಿ ತೆರೆದರೆ ಎರಡು ಮೂರು ಪದ. ಅವನ ಸುತ್ತಲಿನವರು ಆ ಎರಡು ಮೂರು ಪದಗಳಿಂದಲೇ ಅವನನ್ನು ಅಳೆಯುತ್ತಾರೆ.

ಈ ಭಾಗ ಓದುವಾಗ ನನಗೆ ಅಮೆರಿಕ ನೆನಪಾಗಲಿಲ್ಲ. ಮರಾಠಿ ಶಾಳೆಯ ಒಂದನೇ ಇಯತ್ತೆಯಲ್ಲಿ ಕೂತ ನಮ್ಮ ಕಡೆಯ ಹುಡುಗ ನೆನಪಾದ. ಮನೆಯಲ್ಲಿ ಅವನು ಮಳಿ, ಬೆಳಿ, ಎತ್ತು, ಜಗಳ ಎಲ್ಲವನ್ನೂ ಬಣ್ಣಿಸಬಲ್ಲ. ಗುರುಜಿ ಕೇಳಿದರೆ ‘ಹೋ’, ‘ನಾಹೀ’ ಅಷ್ಟೇ. ‘ಹುಡುಗ ಮಂದ’ ಎಂದು ಬರೆದುಬಿಟ್ಟರೆ ಮುಗಿಯಿತು.

ಸತ್ಯಜಿತ್ ರಾಯ್ 1962ರಲ್ಲಿ ಬಂಗಾಳಿಯಲ್ಲಿ ಬರೆದ ‘ಬಂಕುಬಾಬುರ್ ಬಂಧು’ ಕಥೆಯನ್ನು ಇಲ್ಲಿ ಹೋಲಿಸಿ ನೋಡಬೇಕು. ಅದೇ ಬೀಜದಿಂದ ಅವರು 1967ರಲ್ಲಿ ‘ದಿ ಏಲಿಯನ್’ ಎಂಬ ಚಿತ್ರಕಥೆ ಬರೆದರು. ಆ ಚಿತ್ರ ಆಗಲೇ ಇಲ್ಲ, ‘ಇ.ಟಿ.’ ಬಂದ ಮೇಲೆ ಹೋಲಿಕೆಯ ಮಾತು ಎದ್ದಿತು. ರಾಯ್ ಅವರ ಪರಗ್ರಹದವನು ಎಲ್ಲರೂ ಗೇಲಿ ಮಾಡುವ ಹಳ್ಳಿಯ ಮಾಸ್ತರನಿಗೆ ಸಿಗುತ್ತಾನೆ. ತನಗೆ ಹದಿನಾಲ್ಕು ಸಾವಿರ ಭಾಷೆ ಬರುತ್ತದೆಂದು ಹೇಳುತ್ತಾನೆ. ಎಲ್ಲ ಭಾಷೆ ಬಲ್ಲವನು ನಮ್ಮನ್ನು ಮೇಲಕ್ಕೆತ್ತಬಹುದು, ಆದರೆ ನಮ್ಮಿಂದ ಕಲಿಯಬೇಕಾದ್ದು ಅವನಿಗೆ ಏನೂ ಇಲ್ಲ. ಇ.ಟಿ.ಗೆ ಬಾರದಿರುವುದರಿಂದ ಸಣ್ಣ ಗರ್ಟಿ ಗುರುವಾಗುತ್ತಾಳೆ. ಬಲ್ಲವನಿಗೆ ಮಾಸ್ತರ ಬೇಡ. ಬಾರದವ ಮನೆಯ ಕೂಸನ್ನೇ ಮಾಸ್ತರ ಮಾಡುತ್ತಾನೆ. ಭಾಷೆಯ ದೃಷ್ಟಿಯಿಂದ ಇದು ಸಣ್ಣ ಗೆಲುವಲ್ಲ.

4

ಇನ್ನು ಪರೀಕ್ಷೆ. ಮಳೆಗಾಲದ ಕೆಲವು ರಾತ್ರಿ ಈ ಪುಸ್ತಕವನ್ನು ನಮ್ಮ ಅವ್ವನಿಗೂ ಅಣ್ಣನ ಮಗನಿಗೂ ಮನೆಮಾತಿನಲ್ಲಿ ಹೇಳುತ್ತಾ ಹೋದೆ. ಹುಡುಗನಿಗೆ ‘ಕೋಯಿ ಮಿಲ್ ಗಯಾ’ (2003) ಹಿಂದಿ ಚಿತ್ರ ಬಾಯಿಪಾಠ, ಹಾಗಾಗಿ ಕಥೆಯ ಮೈಕಟ್ಟು ಗೊತ್ತು. ಆ ಚಿತ್ರದ ಜಾದೂ ಎಂಬ ಜೀವಿಗೆ ಬಿಸಿಲೇ ಶಕ್ತಿ. ‘ಧೂಪ್’ ಎಂದು ಬೇಡುತ್ತದೆ. ಹುಡುಗ ಅದನ್ನು ಅನುಕರಿಸಿ ತೋರಿಸಿದಾಗ ಅವ್ವ, “ಧೂಪ ಬೇಕಂತದೇನು? ಹಾಕ್ರಿ ಮತ್ತ, ಒಲ್ಯಾಗ ಕೆಂಡ ಅದ” ಅಂದಳು. ಹಿಂದಿಯ ಬಿಸಿಲು ನಮ್ಮ ಮನೆಗೆ ಬರುವಾಗ ದೇವರ ಮುಂದಿನ ಹೊಗೆಯಾಯಿತು. ನಕ್ಕೆವು. ಆದರೆ ಪದ ಒಂದೇ ಇದ್ದರೂ ಲೋಕ ಬೇರೆ ಎಂಬ ಪಾಠ ಆ ನಗೆಯಲ್ಲೇ ಇತ್ತು. ಅವ್ವನನ್ನು ಹುಡುಗ ‘ಆಯಿ’ ಅಂತಾನೆ. ನಮ್ಮ ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ, ಅವನ ಮರಾಠಿ ಪುಸ್ತಕದಲ್ಲಿ ತಾಯಿ. ದಿನಾಲೂ ಹೊಸ್ತಿಲು ದಾಟುವಾಗ ಈ ಹುಡುಗ ಒಂದು ಪೀಳಿಗೆಯನ್ನೇ ದಾಟುತ್ತಾನೆ, ಎಡವುವುದಿಲ್ಲ.

ಹೇಳುತ್ತಾ ಹೋದಾಗ ನಾಲ್ಕು ಕಡೆ ಮಾತು ಗಂಟಾಯಿತು.

ಮೊದಲನೆಯದು ಹೆಸರು. ಪರಗ್ರಹದವನನ್ನು ಏನೆಂದು ಕರೆಯಬೇಕು? ‘ಅನ್ಯಗ್ರಹ ಜೀವಿ’ ಎಂದರೆ ಅವ್ವ ಮುಖ ನೋಡಿದಳು. ‘ಮ್ಯಾಲಿಂದ ಬಂದವ’ ಎಂದರೆ ದೇವರೋ ದೆವ್ವವೋ ಆಗುತ್ತದೆ. ಕೊನೆಗೆ ಅವಳೇ ಪದ ಕೊಟ್ಟಳು: “ಅಂದ್ರ ಪರದೇಸಿ ಆಯ್ತು, ಪಾಪ.” ಗ್ರಂಥದ ಕನ್ನಡದಲ್ಲಿ ಪರದೇಶಿ ಎಂದರೆ ಬೇರೆ ದೇಶದವನು. ನಮ್ಮ ಮಾತಿನಲ್ಲಿ ಪರದೇಸಿ ಎಂದರೆ ದಿಕ್ಕಿಲ್ಲದವನು, ತಾಯಿ ತಂದೆ ಇಲ್ಲದ ಮಗು. ದೂರದಿಂದ ಬಂದವನು ಮತ್ತು ಯಾರೂ ಇಲ್ಲದವನು, ಎರಡಕ್ಕೂ ಒಂದೇ ಪದವಿಟ್ಟ ಮಾತು ನಮ್ಮದು. ಕಥೆ ಮುಂದುವರಿದು ಹುಡುಗ ಅವನಿಗೆ ತಿನ್ನಲು ಕೊಟ್ಟ ಮೇಲೆ ಅವ್ವ ಪದ ಬದಲಿಸಿದಳು: “ಈಗ ಪಾವ್ಣ್ಯಾ ಆದ.” ಉಂಡ ಮೇಲೆ ಪರದೇಸಿ ಇಲ್ಲ, ಪಾವ್ಣ್ಯಾ. ಕಾಟ್ಸ್‌ವಿಂಕಲ್ ಪುಟಗಟ್ಟಲೆ ಬರೆದ ಬದಲಾವಣೆಯನ್ನು ಅವ್ವ ಎರಡು ನಾಮಪದದಲ್ಲಿ ಮುಗಿಸಿದಳು. ಪಾವ್ಣ್ಯಾ ಮರಾಠಿಯಿಂದ ಬಂದ ಪದ ಎಂದು ಕೆಲವರು ಕೊರತೆ ಎಣಿಸಬಹುದು. ಪಾವ್ಣ್ಯಾ ಎಂಬ ಪದವೂ ಪಾವ್ಣ್ಯಾನೇ. ನಮ್ಮ ಮನೆಯಲ್ಲಿ ಉಂಡಾಗಿದೆ, ನಮ್ಮದೇ ಆಗಿದೆ.

ಎರಡನೆಯದು ಲಿಂಗ. ಇಂಗ್ಲಿಷ್ ಕಾದಂಬರಿ ಅವನನ್ನು ಗಂಡೆಂದೇ ಹೇಳುತ್ತದೆ. ಚಿತ್ರದಲ್ಲಿ ಗರ್ಟಿ ಗಂಡೋ ಹೆಣ್ಣೋ ಎಂದು ಕೇಳುತ್ತಾಳೆ, ಎಲಿಯಟ್ ಗಂಡು ಎಂದು ತೀರ್ಮಾನ ಕೊಡುತ್ತಾನೆ. ಕನ್ನಡದಲ್ಲಿ ಹೇಳುವವನಿಗೆ ಪ್ರತಿ ಕ್ರಿಯಾಪದದಲ್ಲೂ ಈ ತೀರ್ಮಾನ ಕಾದಿರುತ್ತದೆ. ‘ಅದು ಬಂತು’ ಯಾವಾಗ ‘ಅವ ಬಂದ’ ಆಗಬೇಕು? ಮೊದಲು ಅದು, ಗೆಳೆತನವಾದ ಮೇಲೆ ಅವ ಎಂದು ನಾನು ಲೆಕ್ಕ ಹಾಕಿದ್ದೆ. ಹುಡುಗ ಹಾಗೇ ನಡೆದ. ಅವ್ವ ನಡೆಯಲಿಲ್ಲ. ಪಾವ್ಣ್ಯಾನಿಗೆ ‘ಅವ’ ಎಂದವಳು ಅವನಿಗೆ ಜಡ್ಡು ಬಂದಾಗ ತಿರುಗಿ “ಪಾಪ, ಅದು ಅಳಲಕತ್ತದೇನು?” ಎಂದಳು. ಕೂಸಿಗೆ ‘ಅದು’ ಅನ್ನುವ ಪ್ರೀತಿಯ ನಪುಂಸಕ ಇದು. ವ್ಯಾಕರಣದಲ್ಲಿ ನಪುಂಸಕಲಿಂಗವೆಂದರೆ ಕೆಳಗಿನ ಮೆಟ್ಟಿಲು ಎಂದು ನಾನು ತಿಳಿದಿದ್ದೆ. ಅವಳ ಬಾಯಲ್ಲಿ ಅದು ತೊಡೆಯ ಮೇಲಿನ ಜಾಗ.

ಮೂರನೆಯದು ‘ನಾವು’. ಚಿತ್ರದಲ್ಲಿ ಎಲಿಯಟ್ ತನಗೂ ಇ.ಟಿ.ಗೂ ಸೇರಿಸಿ ‘ನಾವು’ ಎನ್ನಲು ತೊಡಗುತ್ತಾನೆ. ಅಣ್ಣ ಮೈಕೆಲ್ ಅದನ್ನು ಹಿಡಿದು, ಇದೇನು ಯಾವಾಗಲೂ ನಾವು ನಾವು ಅನ್ನುತ್ತೀ ಎಂದು ಕೇಳುತ್ತಾನೆ. ಇಬ್ಬರ ಜೀವ ಒಂದಾದದ್ದು ಸರ್ವನಾಮದಿಂದಲೇ ಬಯಲಾಗುತ್ತದೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಸೂಕ್ಷ್ಮವೆನಿಸಿದ ಜಾಗ ಇದು. ಇದನ್ನು ನಮ್ಮ ಮಾತಿನಲ್ಲಿ ಹೇಳಿದಾಗ ಕೇಳುವವರ ಮುಖದಲ್ಲಿ ಏನೂ ಆಗಲಿಲ್ಲ. ಯಾಕಂದ್ರ ನಾವು ಮೊದಲಿಂದಲೂ ಹಂಗೇ ಮಾತಾಡವರು. ನಮ್ಮವ್ವ, ನಮ್ಮ ಮನಿ, ನಮ್ಮ ಹೊಲ, ‘ನಮಗ ಜಡ್ಡು ಬಂದದ’. ಒಬ್ಬನೇ ಇದ್ದರೂ ಬಹುವಚನ. ಎಲಿಯಟ್‌ನ ‘ನಾವು’ ಇಂಗ್ಲಿಷಿನಲ್ಲಿ ಗುಟ್ಟು ಒಡೆಯುತ್ತದೆ, ಕನ್ನಡದಲ್ಲಿ ಗುಟ್ಟನ್ನು ಮುಚ್ಚುತ್ತದೆ. ಮರಾಠಿಯಲ್ಲಿ ಇನ್ನೊಂದು ಬಗೆ: ಕೇಳುವವನನ್ನು ಒಳಗೆ ತಂದರೆ ‘ಆಪಣ್’, ಹೊರಗಿಟ್ಟರೆ ‘ಆಮ್ಹೀ’. ಮರಾಠಿ ಮೈಕೆಲ್ ಬಹುಶಃ ಹೆಚ್ಚು ನೊಂದುಕೊಂಡಾನು. ತಮ್ಮ ‘ಆಮ್ಹೀ’ ಎಂದು ಅವನನ್ನು ಹೊರಗಿಟ್ಟದ್ದು ಕಿವಿಗೆ ಬೀಳುತ್ತದೆ. ನಾನು ಕೊನೆಗೆ ‘ನಾವಿಬ್ರೂ’ ಎಂದು ಹೇಳಿ ದಾರಿ ಮಾಡಿಕೊಂಡೆ. ಆದರೆ ಇದನ್ನು ಅನುವಾದದ ನಷ್ಟವೆಂದು ಮಾತ್ರ ಕಾಣಬಾರದು. ಎರಡು ಜೀವ ಒಂದಾಗುವುದು ಇಂಗ್ಲಿಷಿನಲ್ಲಿ ಪವಾಡ, ನಮ್ಮ ಸರ್ವನಾಮದಲ್ಲಿ ದಿನದ ಮಾತು.

ಗಡಿಯ ಮಾತುಗಳು ವಾಕ್ಯರಚನೆಯಲ್ಲಿ ಒಂದೇ ಅಚ್ಚಿಗೆ ಬಂದು ಪದಗಳಲ್ಲಿ ಮಾತ್ರ ಬೇರೆ ಉಳಿಯುತ್ತವೆ ಎಂದು ಗಂಪರ್ಜ್ ಮತ್ತು ವಿಲ್ಸನ್ ಸಾಂಗ್ಲಿ ಜಿಲ್ಲೆಯ ಕುಪವಾಡ ಹಳ್ಳಿಯನ್ನು ನೋಡಿ 1971ರಲ್ಲಿ ಬರೆದರು. ನನ್ನ ಅನುಭವ ಅದಕ್ಕೆ ಬಹಳ ಮಟ್ಟಿಗೆ ಹೊಂದುತ್ತದೆ. ಹುಡುಗ ನನ್ನ ವಾಕ್ಯವನ್ನು ಪದಕ್ಕೆ ಪದ ಮರಾಠಿ ಮಾಡಿ ಗೆಳೆಯರಿಗೆ ಹೇಳಿದ. ಆದರೆ ‘ನಾವು’, ‘ಅದು’ ಇಂಥ ಸಣ್ಣ ಪದಗಳಲ್ಲಿ ಅಚ್ಚು ಪೂರ್ತಿ ಕೂಡುವುದಿಲ್ಲ. ಕಥೆಯ ಜೀವ ಇರುವುದು ಅಲ್ಲೇ.

ನಾಲ್ಕನೆಯದು ‘ಮನೆ’. ಇ.ಟಿ.ಯ ಪ್ರಸಿದ್ಧ ಮಾತಿನಲ್ಲಿ ಇರುವುದು ಅವನ ಹೆಸರು, ಫೋನು, ಮನೆ. ನಾನು ‘ಮನಿಗಿ ಫೋನ್’ ಎಂದೆ. ಅವ್ವ ತಿದ್ದಿದಳು: “ಮನಿ ಇಲ್ಲೇ ಅದಲ್ಲ, ಹುಡುಗ ಇಟ್ಕೊಂಡಾನ. ಊರಿಗಿ ಅನ್ನು.” ಮನಿ ಎಂದರೆ ಇರುವ ಜಾಗ, ಊರು ಎಂದರೆ ಸೇರಿದ ಜಾಗ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ಕಂಡವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ. ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಊರಿಗೆ ಊರೇ ಬಿದ್ದು, ಬೇರೆ ಜಾಗದಲ್ಲಿ ಹೊಸ ಮನೆಗಳನ್ನು ಕಟ್ಟಿಸಿಕೊಟ್ಟರು. ಮನಿ ಸಿಕ್ಕವರಿಗೆಲ್ಲ ಊರು ಸಿಕ್ಕಿತೆಂದು ಹೇಳಲಾಗದು. ಇಂಗ್ಲಿಷಿನ ಒಂದೇ ಪದ ಎರಡನ್ನೂ ಹೊತ್ತಿದೆ. ನಮ್ಮ ಮಾತು ಬಿಡಿಸಿ ಹೇಳುತ್ತದೆ. ಇಲ್ಲಿ ನಮ್ಮ ಬಡ ಉಪಭಾಷೆ ಮೂಲಕ್ಕಿಂತ ಶ್ರೀಮಂತ.

5

ಈಗ ಮುಖ್ಯ ಪ್ರಶ್ನೆ. ಇಂಥದೊಂದು ಕಾದಂಬರಿಯನ್ನು ಗಡಿಗನ್ನಡದಲ್ಲಿ ಬರೆಯುವುದಾದರೆ ನಿರೂಪಣೆ ಯಾವ ಕನ್ನಡದಲ್ಲಿ ಇರಬೇಕು? ನಮ್ಮ ಕಾದಂಬರಿಗಳಲ್ಲಿ ಒಂದು ಒಪ್ಪಂದ ನಡೆದು ಬಂದಿದೆ. ಸಂಭಾಷಣೆ ಉಪಭಾಷೆಯಲ್ಲಿ, ನಿರೂಪಣೆ ಶಿಷ್ಟದಲ್ಲಿ. ಪಾತ್ರಗಳು ಆಡುವುದು ಅವರ ಮಾತು, ಯೋಚಿಸುವುದು ಲೇಖಕನ ಮಾತು. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಈ ಒಪ್ಪಂದವನ್ನು ಮುರಿದು ನಂಜನಗೂಡು ಕಡೆಯ ಮಾತಿಗೆ ನಿರೂಪಣೆಯ ಗದ್ದುಗೆ ಕೊಟ್ಟಿತು. ನಮ್ಮ ನೆರೆಯ ಕಲಬುರ್ಗಿಯ ಮಾತನ್ನು ಗೀತಾ ನಾಗಭೂಷಣ ಅವರ ‘ಬದುಕು’ (2001) ದೊಡ್ಡ ಪ್ರಮಾಣದಲ್ಲಿ ಅಚ್ಚಿಗೆ ತಂದಿತು. ಅದರಾಚೆ, ಗಡಿ ದಾಟಿದ ಮೇಲಿನ ನಮ್ಮ ಮಾತು? ಅದು ಹಾಸ್ಯಪಾತ್ರದ ಬಾಯಲ್ಲಿ ಬರುತ್ತದೆ, ಜನಪದ ಸಂಗ್ರಹದಲ್ಲಿ ಬರುತ್ತದೆ. ಯೋಚಿಸುವ ಭಾಷೆಯಾಗಿ ಬರುವುದಿಲ್ಲ.

ಕಾಟ್ಸ್‌ವಿಂಕಲ್ ಪುಸ್ತಕ ಕಲಿಸುವುದು ಇದನ್ನೇ. ಹೊರಗೆ ತೊದಲುವವನ ಒಳಗೆ ನಿರರ್ಗಳವಾದ ಒಂದು ಲೋಕ ಇದೆ ಎಂದು ತೋರಿಸುವುದು ಕ್ಯಾಮೆರಾದಿಂದ ಆಗದ ಕೆಲಸ, ಕಾದಂಬರಿಯ ಕೆಲಸ. ಆದರೆ ಅವರದೂ ಒಂದು ಲೋಪವಿದೆ. ಇ.ಟಿ.ಯ ಮನಸ್ಸಿಗೆ ಅವರು ಕೊಟ್ಟದ್ದು ಓದಿದ ಅಮೆರಿಕನ್ನನ ಇಂಗ್ಲಿಷ್. ಪರಗ್ರಹದವ ತನ್ನ ಮಾತಿನಲ್ಲಿ ಯೋಚಿಸುವುದೇ ಇಲ್ಲ. ಆತಿಥೇಯನ ಭಾಷೆಯ ಶಿಷ್ಟರೂಪದಲ್ಲಿ ಯೋಚಿಸುತ್ತಾನೆ. ನಾವು ನಮ್ಮ ಹಳ್ಳಿಯ ಪಾತ್ರಗಳಿಗೆ ಶಿಷ್ಟ ಕನ್ನಡದ ಮನಸ್ಸು ತೊಡಿಸುವುದೂ ಇದೇ ಲೋಪ. ಅವರ ಲೋಪವನ್ನು ಎತ್ತಿ ತೋರಿಸುವ ಹಕ್ಕು ನಮಗೆ ಬರಬೇಕಾದರೆ ನಮ್ಮದನ್ನು ಮೊದಲು ತಿದ್ದಿಕೊಳ್ಳಬೇಕು. ಈ ಪ್ರಬಂಧವನ್ನೇ ನೋಡಿರಿ. ನಮ್ಮ ಮಾತಿನ ಪರವಾಗಿ ವಾದಿಸುವ ನಾನು ವಾದವನ್ನೆಲ್ಲ ಶಿಷ್ಟದಲ್ಲಿ ಬರೆದು, ಮನೆಮಾತನ್ನು ಉದ್ಧರಣ ಚಿಹ್ನೆಯೊಳಗೆ ಅವ್ವನ ಬಾಯಿಗೆ ಬಿಟ್ಟಿದ್ದೇನೆ. ಅಲ್ಲೊಂದು ಇಲ್ಲೊಂದು ‘ಯಾಕಂದ್ರ’ ಎಂದರೆ ಸಾಲದು ಎಂದು ನನಗೂ ಗೊತ್ತು.

ಕೊನೆಯದಾಗಿ ನಮ್ಮ ಕ್ಷೇತ್ರಕಾರ್ಯದ ಬಗ್ಗೆ ಒಂದು ಮಾತು. ಚಿತ್ರದ ವಿಜ್ಞಾನಿಗಳು ದುಷ್ಟರಲ್ಲ. ಬೀಗದ ಕೈಗಳ ಆ ಮನುಷ್ಯ ಹತ್ತು ವರ್ಷದವನಿದ್ದಾಗಿನಿಂದ ಇಂಥ ಜೀವಿಗಾಗಿ ಕಾದವನು. ಅವನಿಗೂ ಪ್ರೀತಿ ಇದೆ. ಆದರೂ ಅವರು ಮನೆಗೆ ಪ್ಲಾಸ್ಟಿಕ್ ಹೊದಿಸಿ, ಯಂತ್ರ ಹಚ್ಚಿ, ಅಳೆಯುತ್ತಾ ನಿಂತಾಗಲೇ ಜೀವಿ ಕುಂದುತ್ತದೆ. ಅದು ಚೆನ್ನಾಗಿದ್ದದ್ದು ಮಕ್ಕಳು ಅದಕ್ಕೆ ಮಾತು ಕಲಿಸುತ್ತಾ, ವೇಷ ಹಾಕಿಸುತ್ತಾ, ಕೂಡ ಆಡುತ್ತಿದ್ದಾಗ. ಟೇಪ್ ರೆಕಾರ್ಡರ್ ಹಿಡಿದು, ಪದಪಟ್ಟಿ ಹಿಡಿದು ಉದಗೀರ, ನಿಲಂಗಾದ ಹಳ್ಳಿಗಳಿಗೆ ಹೋಗುವ ನಾವು ಈ ದೃಶ್ಯವನ್ನು ಎರಡು ಸಲ ನೋಡಬೇಕು. ಅಳತೆ ಬೇಡವೆಂದಲ್ಲ. ಅಳೆಯುವವರ ಜೊತೆಗೆ ಆಡುವವರೂ ಬೇಕು.

ಅದಕ್ಕ ನನ್ನ ಸೂಚನೆ ಸಣ್ಣದು. ಮಕ್ಕಳಿಗೆ ಗೊತ್ತಿರುವ ಒಂದು ಸಿನಿಮಾ ಕಥೆಯನ್ನು ಈ ಮೂರು ತಾಲ್ಲೂಕುಗಳ ಮಾತಿನಲ್ಲಿ, ನಿರೂಪಣೆಯೂ ಸೇರಿ, ಪೂರ್ತಿಯಾಗಿ ಬರೆಯಬೇಕು. ಲಿಪಿಯ ತೊಡಕು ಇದೆ. ಮರಾಠಿ ಶಾಳೆಯಲ್ಲಿ ಓದಿದ ಹುಡುಗರ ಕಣ್ಣಿಗೆ ರೂಢಿಯಾದದ್ದು ದೇವನಾಗರಿ, ಕನ್ನಡ ಅಕ್ಷರ ಕಲಿತವರು ಮನೆಯಲ್ಲಿ ಒಬ್ಬರೋ ಇಬ್ಬರೋ. ಹಾಗಾದರೆ ಎದುರುಬದುರು ಪುಟದಲ್ಲಿ ಎರಡೂ ಲಿಪಿ ಇಡೋಣ. ಬಲಪುಟ ಓದುತ್ತಾ ಎಡಪುಟ ಕಲಿಯಲಿ. ಇದಕ್ಕೆ ಶುದ್ಧವಾದಿಗಳು ಆಕ್ಷೇಪಿಸಬಹುದು. ಅವರಿಗೆ ನನ್ನ ಉತ್ತರ ಇಷ್ಟೇ: ದೇವನಾಗರಿಯಲ್ಲಿ ಓದಿದ ಕನ್ನಡವೂ ಕನ್ನಡ, ಓದದೇ ಬಿಟ್ಟ ಕನ್ನಡ ಯಾವ ಲಿಪಿಯಲ್ಲಿದ್ದರೇನು?

ಕಥೆ ಮುಗಿದ ರಾತ್ರಿ ನೌಕೆ ಹಾರಿತು ಅಂದೆ. ಅಣ್ಣನ ಮಗ ಸುಮ್ಮನಿದ್ದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ: “ಕಾಕಾ, ಅವ ಊರಿಗಿ ಹೋದ್ಮ್ಯಾಲ ಎಲಿಯಟ್‌ನ ಮಾತು ಮರ್ತಾನೇನು?” ಅವನು ಕೇಳಿದ್ದು ಕನ್ನಡದಲ್ಲಿ. ನಾನು ಇನ್ನೂ ಉತ್ತರ ಹೇಳಿಲ್ಲ.